ಅಟ್ಟದ ಮೇಲಿದ್ದ ಡಬ್ಬಾ ಟಿವಿ, ಒಂದು ಲ್ಯಾಪ್‌ಟಾಪ್, ಮತ್ತು 15,625ರ ಶಿಳ್ಳೆ

ಬೇಸಿಗೆ ರಜೆಗೆ ಅಕ್ಕನ ಮಗ ತಿಪಟೂರು ಕಡೆಯ ನಮ್ಮ ಹಳ್ಳಿ ಮನೆಗೆ ಬಂದಿದ್ದ. ಹನ್ನೊಂದು ವರ್ಷ. ಹಜಾರದ ಎಲ್‌ಇಡಿ ಟಿವಿ ಸಂಜೆ ಆರರಿಂದ ಹತ್ತರವರೆಗೆ ಅಮ್ಮನ ಧಾರಾವಾಹಿಗಳದ್ದು, ಅದರಲ್ಲಿ ಮಾತೇ ಇಲ್ಲ. ಹುಡುಗನಿಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡಬೇಕು, ಆದರೆ ಹದಿನಾಲ್ಕು ಇಂಚಿನ ಪರದೆ ಸಾಲದು, ದೊಡ್ಡದು ಬೇಕು. ಆಗ ನೆನಪಾಗಿದ್ದು ಅಟ್ಟದ ಮೇಲೆ ಹಳೇ ಬೆಡ್‌ಶೀಟ್ ಹೊದ್ದು ಕೂತಿದ್ದ 21 ಇಂಚಿನ ಟಿವಿ. 2006ರಲ್ಲಿ ತಂದಿದ್ದು, ಮುಂಭಾಗ ಚಪ್ಪಟೆ, ಹಿಂಭಾಗ ಗುಡಾಣ. ಗುಜರಿಯವನು ಇನ್ನೂರು ರೂಪಾಯಿ ಕೊಡ್ತೀನಿ ಅಂದಿದ್ದಕ್ಕೆ ಅಮ್ಮ ಸಿಟ್ಟಾಗಿ ಹಾಗೇ ಇಟ್ಟಿದ್ದರು.

ನಾನೂ ಭಾವನೂ ಸೇರಿ ಇಳಿಸಿದೆವು. ಒಬ್ಬರ ಕೈಲಿ ಆಗುವ ತೂಕ ಅಲ್ಲ ಅದು, ಭಾರವೆಲ್ಲ ಗಾಜಿನ ಕಡೆಗೇ ಇರುವುದರಿಂದ ಪರದೆಯನ್ನು ಎದೆಗೆ ಆನಿಸಿಕೊಂಡೇ ಹಿಡಿಯಬೇಕು, ಇಲ್ಲದಿದ್ದರೆ ಮುಂದಕ್ಕೆ ಮುಗ್ಗರಿಸುತ್ತದೆ. ಧೂಳು ಒರೆಸಿ ಸ್ವಿಚ್ ಹಾಕಿದರೆ ಟಪ್ ಅಂತ ಶಬ್ದ ಬಂದು, ನೀಲಿ ಪರದೆ ಬಂತು. ಜೀವ ಇತ್ತು.

ಹುಡುಗ ಎರಡೂ ಕಿವಿ ಮುಚ್ಚಿಕೊಂಡ. "ಮಾಮ, ಅದೇನು ಕುಯ್ಯ್ ಅಂತ ಶಿಳ್ಳೆ ಹೊಡೀತಿದೆ?"

ನನಗೆ ಏನೂ ಕೇಳಿಸಲಿಲ್ಲ. ಭಾವನಿಗೂ ಇಲ್ಲ. ಅಮ್ಮ ಅಂತೂ "ಏನೂ ಇಲ್ವಲ್ಲೋ" ಅಂದರು. ಅವನು ಸುಮ್ನೆ ಹೇಳ್ತಿದಾನೆ ಅಂದುಕೊಂಡೆವು. ಆದರೆ ಆ ಶಿಳ್ಳೆ ನಿಜ, ಮತ್ತು ಈ ಇಡೀ ಪ್ರಕರಣದ ಗುಟ್ಟು ಅದರಲ್ಲೇ ಇದೆ. ಅದನ್ನು ಆವತ್ತೇ ಅರ್ಥ ಮಾಡಿಕೊಂಡಿದ್ದರೆ ನನ್ನ ಆರುನೂರು ಚಿಲ್ಲರೆ ರೂಪಾಯಿ ಉಳಿಯುತ್ತಿತ್ತು.

ನಮ್ಮ ದೇಶದ ಹಳೇ ಟಿವಿಗಳು ಪಾಲ್ ಪದ್ಧತಿಯವು. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಟಿವಿ ಒಳಗಿನ ಎಲೆಕ್ಟ್ರಾನ್ ಕಿರಣ ಅಷ್ಟು ಸಲ ಎಡದಿಂದ ಬಲಕ್ಕೆ ಓಡಿ ವಾಪಸ್ ಬರಬೇಕು. ಆ ಓಟಕ್ಕೆ ತಕ್ಕ ಹಾಗೆ ಒಳಗಿರುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಸಣ್ಣಗೆ ನಡುಗುತ್ತದೆ, ಅದೇ ಶಿಳ್ಳೆ. ಮಕ್ಕಳ ಕಿವಿಗೆ ಆ ಸ್ವರ ಚೆನ್ನಾಗಿ ಕೇಳುತ್ತದೆ, ವಯಸ್ಸಾಗುತ್ತಾ ಬಂದ ಹಾಗೆ ಅಷ್ಟು ಮೇಲಿನ ಸ್ವರ ಮೊದಲು ಹೋಗುತ್ತದೆ. ಡಬ್ಬಾ ಟಿವಿ ಸರಿಸುಮಾರು ಆ ವೇಗ ಒಂದಕ್ಕೇ ಕಟ್ಟಿದ ಯಂತ್ರ. ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ, ಗೆರೆ ಲೆಕ್ಕ 15,734. ಹತ್ತಿರ ಹತ್ತಿರ ಅದೇ, ಹಾಗಾಗಿ ಎಷ್ಟೋ ಟಿವಿಗಳು ಎರಡನ್ನೂ ಒಪ್ಪುತ್ತವೆ. ಕಂಪ್ಯೂಟರ್‌ನ ಹಳೇ ವಿಜಿಎ, ಅಂದರೆ ಮಾನಿಟರ್ ಜೋಡಿಸುವ ಹಳೇ ಬಾಯಿ, ಮಾತ್ರ ಕನಿಷ್ಠ ಅಂದರೂ ಸೆಕೆಂಡಿಗೆ ಸುಮಾರು 31,500 ಗೆರೆ ಕಳಿಸುತ್ತದೆ. ಹೆಚ್ಚುಕಡಿಮೆ ಡಬಲ್. ಎಂಥ ವೈರ್ ಹಾಕಿದರೂ ಟಿವಿ ಅದರ ಹಿಂದೆ ಓಡಲಾರದು.

ಇದು ಗೊತ್ತಿಲ್ಲದೆ ನಾನು ಮೊದಲು ತಂದಿದ್ದು ಒಂದು ಕಡೆ ವಿಜಿಎ, ಇನ್ನೊಂದು ಕಡೆ ಹಳದಿ-ಬಿಳಿ-ಕೆಂಪು ಪಿನ್ ಇರುವ ವೈರ್. ಮನೆಯಲ್ಲಿ ಭಾವನ ಹಳೇ ಡೆಸ್ಕ್‌ಟಾಪ್ ಒಂದಿತ್ತು, ಅದಕ್ಕೆ ವಿಜಿಎ ಇತ್ತು, ನೂರೈವತ್ತು ರೂಪಾಯಿ ತಾನೇ ಅಂತ ತಂದುಬಿಟ್ಟೆ. ಚುಚ್ಚಿದರೆ ಓರೆ ಓರೆ ಗೆರೆ, ಅಷ್ಟೇ. ಆ ವೈರ್ ಒಳಗೆ ಯಾವ ಚಿಪ್ಪೂ ಇಲ್ಲ, ಬರೀ ತಂತಿ. ಕೆಂಪು, ಹಸಿರು, ನೀಲಿ, ಜೊತೆಗೆ ಗೆರೆ ಯಾವಾಗ ಶುರು, ಚಿತ್ರ ಯಾವಾಗ ಶುರು ಅಂತ ಹೇಳುವ ಎರಡು ಸಂಕೇತ, ಹೀಗೆ ಐದನ್ನು ಬೇರೆ ಬೇರೆ ತಂತಿಯಲ್ಲಿ ಕಳಿಸೋದು ವಿಜಿಎ. ಟಿವಿಯ ಹಳದಿ ಪಿನ್ನಿಗೆ ಎಲ್ಲವನ್ನೂ ಒಂದೇ ತಂತಿಯಲ್ಲಿ ಕಲಸಿ ಕೊಡಬೇಕು. ಬರೀ ತಂತಿ ಕಲಸುವ ಕೆಲಸ ಮಾಡೋದಿಲ್ಲ. ಹಿಂದೆ ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳು ವಿಜಿಎ ಬಾಯಿಂದಲೇ ಟಿವಿ ಸಿಗ್ನಲ್ ಕೊಡುತ್ತಿದ್ದವು, ಈ ವೈರ್ ಅಂಥವಕ್ಕೆ ಮಾತ್ರ. ಪೊಟ್ಟಣದ ಮೇಲೆ ಅದನ್ನು ಯಾರು ಬರೀತಾರೆ?

ಎರಡನೇ ಸಲ ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ಪುಟ್ಟ ಕಪ್ಪು ಡಬ್ಬಿ ಹುಡುಕಿದೆ. ಎಚ್‌ಡಿಎಂಐ (ಲ್ಯಾಪ್‌ಟಾಪ್‌ನಿಂದ ಚಿತ್ರ ಹೊರಡುವ ಬಾಯಿ), ಎವಿ (ಹಳೇ ಟಿವಿಯ ಹಳದಿ-ಬಿಳಿ-ಕೆಂಪು ಪಿನ್) ಅಂತ ಎರಡೂ ಹೆಸರು ಮೇಲಿತ್ತು, ಸರಿ ಅಂತ ತಂದೆ. ಮನೆಗೆ ಬಂದು ನೋಡಿದರೆ ಬಾಣದ ಗುರುತು ಉಲ್ಟಾ! ಎವಿ ಒಳಗೆ, ಎಚ್‌ಡಿಎಂಐ ಹೊರಗೆ. ಅಂದರೆ ಹಳೇ ಡಿವಿಡಿ ಪ್ಲೇಯರನ್ನು ಹೊಸ ಟಿವಿಗೆ ಹಾಕುವ ಡಬ್ಬಿ ಅದು. ನೋಡೋಕೆ ಎರಡೂ ಅವಳಿ-ಜವಳಿ, ಬಣ್ಣ ಒಂದೇ, ಗಾತ್ರ ಒಂದೇ, ಬೆಲೆಯೂ ಒಂದೇ, ಇದಕ್ಕೆ ಕೊಟ್ಟ ಐನೂರು ಚಿಲ್ಲರೆ ದಂಡ. ತಪ್ಪು ನನ್ನದೇ. ನೀವು ಕೊಳ್ಳುವಾಗ ಹೆಸರು ಓದಬೇಡಿ, ಬಾಣ ನೋಡಿ.

ಮೂರನೇ ಸಲ ಸರಿಯಾದದ್ದು ಬಂತು. ಇದರ ಒಳಗೆ ನಿಜವಾಗಿಯೂ ಚಿಪ್ ಇದೆ. ಲ್ಯಾಪ್‌ಟಾಪ್ ಕೊಟ್ಟ ಚಿತ್ರವನ್ನು ಪೂರ್ತಿ ತನ್ನ ಮೆಮೊರಿಗೆ ತೆಗೆದುಕೊಂಡು, ಕುಗ್ಗಿಸಿ, ಟಿವಿ ವೇಗಕ್ಕೆ ಗೆರೆ ಗೆರೆಯಾಗಿ ಕತ್ತರಿಸಿ, ಹಳದಿ ಪಿನ್ನಿಗೆ ಕಳಿಸುತ್ತದೆ. ಮೊದಲ ಹತ್ತು ನಿಮಿಷ ಬರೀ ನೀಲಿ ಪರದೆ. ಡಬ್ಬಿಯ ಪಕ್ಕದ ಸಣ್ಣ ಯುಎಸ್‌ಬಿ ತೂತಿಗೆ ಮೊಬೈಲ್ ಚಾರ್ಜರ್ ಚುಚ್ಚಿದ ಮೇಲೆ ಜೀವ ಬಂತು, ಎಚ್‌ಡಿಎಂಐ ವೈರಿನಿಂದ ಬರುವ ಕರೆಂಟು ಅದಕ್ಕೆ ಸಾಲದು. ಚಿತ್ರ ಬಂತು, ಆದರೆ ಕಪ್ಪು-ಬಿಳುಪು, ಮೇಲಿಂದ ನಿಧಾನಕ್ಕೆ ಜಾರುತ್ತಿತ್ತು. "ಹಳೇ ಕಾಲದ ದೂರದರ್ಶನ ಬಂತು ಬಿಡಿ" ಅಂತ ಭಾವ ನಕ್ಕರು. ಡಬ್ಬಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಪುಟ್ಟ ಸ್ವಿಚ್ ಇದೆ, ಅದು ಎನ್‌ಟಿಎಸ್‌ಸಿ ಕಡೆಗಿತ್ತು. ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಪಾಲ್ ಅಂತ ಬಿಗಿದಿತ್ತು. ಪಾಲ್‌ನಲ್ಲಿ ಬಣ್ಣ 4.43 ಮೆಗಾಹರ್ಟ್ಜ್ ಮೇಲೆ ಸವಾರಿ ಮಾಡುತ್ತದೆ, ಎನ್‌ಟಿಎಸ್‌ಸಿಯಲ್ಲಿ 3.58ರ ಮೇಲೆ, ತಪ್ಪು ಜಾಗದಲ್ಲಿ ಹುಡುಕಿದರೆ ಬಣ್ಣ ಸಿಗೋದಿಲ್ಲ. ಸ್ವಿಚ್ಚನ್ನು ಪಾಲ್‌ಗೆ ಸರಿಸಿದ ತಕ್ಷಣ ವಿಂಡೋಸ್‌ನ ನೀಲಿ ಹಿನ್ನೆಲೆ ಟಿವಿಯಲ್ಲಿ ಮೂಡಿತು. ಹುಡುಗ ಕೇಕೆ ಹಾಕಿದ.

ಕೇಕೆ ಎರಡು ನಿಮಿಷ. ಅಕ್ಷರ ಒಂದೂ ಓದೋಕೆ ಆಗುತ್ತಿಲ್ಲ. ಮನುಷ್ಯರೆಲ್ಲ ಸಣಕಲು, ಉದ್ದ.

ಕಾರಣ ಸರಳ. ಡಬ್ಬಿ ತಾನು 1920×1080 ಪರದೆ ಅಂತ ಲ್ಯಾಪ್‌ಟಾಪ್‌ಗೆ ಸುಳ್ಳು ಹೇಳುತ್ತದೆ. ಲ್ಯಾಪ್‌ಟಾಪ್ ನಂಬಿ ಅಷ್ಟನ್ನೂ ಕಳಿಸುತ್ತದೆ. ಡಬ್ಬಿ ಆ 1080 ಗೆರೆಗಳನ್ನು ಟಿವಿಯ 576ಕ್ಕೆ ತುರುಕುತ್ತದೆ, ಅಗಲ ಚಿತ್ರವನ್ನು 4:3ಕ್ಕೆ ಹಿಂಡುತ್ತದೆ. ಇಷ್ಟು ಸಾಲದು ಅಂತ ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬೆಳಕೂ ಬಣ್ಣವೂ ಬೆರೆತು ಹೋಗುವುದರಿಂದ ಸಣ್ಣ ಅಕ್ಷರದ ಅಂಚಿನಲ್ಲಿ ಕಾಮನಬಿಲ್ಲು ಓಡಾಡುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಒಳಗೆ ಹೋಗಿ, ಅಡಾಪ್ಟರ್ ಪ್ರಾಪರ್ಟೀಸ್‌ನಲ್ಲಿ "ಲಿಸ್ಟ್ ಆಲ್ ಮೋಡ್ಸ್" ಒತ್ತಿದರೆ 640×480 ಸಿಗುತ್ತದೆ. ಅದನ್ನು ಹಾಕಿದ ಮೇಲೆ ಅಕ್ಷರ ದಪ್ಪವಾದವು, ಮನುಷ್ಯರು ಮನುಷ್ಯರಾದರು. ಆದರೆ ವಿಂಡೋಸ್‌ನ ಕಿಟಕಿಗಳು ಅಷ್ಟು ಸಣ್ಣ ಪರದೆಯಲ್ಲಿ ಹಿಡಿಸುವುದಿಲ್ಲ, ಓಕೆ ಗುಂಡಿ ಪರದೆಯಿಂದಾಚೆ ಹೋಗಿ ಕೂರುತ್ತದೆ. ಅದಕ್ಕೆ ಟಿವಿಯನ್ನು ಎರಡನೇ ಪರದೆಯಾಗಿ, ಎಕ್ಸ್‌ಟೆಂಡ್ ಮಾಡಿಟ್ಟೆ. ಓದೋದು, ಬರೆಯೋದು ಲ್ಯಾಪ್‌ಟಾಪ್‌ನಲ್ಲಿ, ಆಟ ಮಾತ್ರ ಟಿವಿಗೆ. ಡಬ್ಬಾ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ಚೌಕಟ್ಟಿನ ಹಿಂದೆ ಬಚ್ಚಿಡುತ್ತವೆ, ಓವರ್‌ಸ್ಕ್ಯಾನ್ ಅಂತಾರಲ್ಲ, ಹಾಗಾಗಿ ಮೂಲೆಯ ಸ್ಕೋರ್ ಕಾಣದಿದ್ದರೆ ಗೇಮ್‌ನ ಸೆಟ್ಟಿಂಗ್‌ನಲ್ಲೇ ಚಿತ್ರ ಸ್ವಲ್ಪ ಚಿಕ್ಕದು ಮಾಡಿ. ಶಬ್ದದ್ದೇನೂ ತಲೆನೋವಿಲ್ಲ, ನಮ್ಮ ಟಿವಿಯಲ್ಲಿ ಸ್ಪೀಕರ್ ಒಂದೇ, ಬಿಳಿ ಪಿನ್ ಚುಚ್ಚಿದೆ, ಮುಗೀತು.

ಮೈನ್‌ಕ್ರಾಫ್ಟ್ ಹಾಕಿದ. ಚೌಕ ಚೌಕದ ಆಟವಾದ್ದರಿಂದ ಪರವಾಗಿಲ್ಲ, ಚೆನ್ನಾಗೇ ಕಂಡಿತು. ಬಂದೂಕಿನ ಆಟವೊಂದನ್ನು ಹಾಕಿದ, ಅದರಲ್ಲಿ ಎಷ್ಟು ಗುಂಡು ಉಳಿದಿದೆ ಅಂತ ಮೂಲೆಯ ಸಣ್ಣ ಅಂಕಿ ನೋಡಬೇಕು, ಆಗಲಿಲ್ಲ. ಇದಕ್ಕೆ ಯಾವ ಮದ್ದೂ ಇಲ್ಲ. ಎಚ್‌ಡಿ ಪರದೆಗೆ ಅಂತಲೇ ಮಾಡಿದ ಆಟದ ಬರಹವನ್ನು ಡಬ್ಬಾ ಟಿವಿಯಲ್ಲಿ ಓದಿಸೋಕೆ ಹೋಗೋದು ಸುಮ್ನೆ ಕಣ್ಣಿಗೆ ಶಿಕ್ಷೆ.

ಆಗ ನನಗೆ ನನ್ನ ಬಾಲ್ಯ ನೆನಪಾಯಿತು. ಈ ಬಗೆಯ ಟಿವಿಯಲ್ಲೇ ಅಲ್ವಾ ನಾವು ಕ್ಯಾಸೆಟ್ ಹಾಕುವ ಟಿವಿ ಗೇಮ್ ಆಡಿದ್ದು? ಮೇಲೆ "9999 ಇನ್ 1" ಅಂತ ಬರೆದು ಒಳಗೆ ನಾಲ್ಕೈದೇ ಆಟ ಇರುತ್ತಿದ್ದ ಹಳದಿ ಕ್ಯಾಸೆಟ್. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಯಂತ್ರದ ನಕಲು ಅವೆಲ್ಲ. ಲ್ಯಾಪ್‌ಟಾಪ್‌ನಲ್ಲಿ ರೆಟ್ರೊಆರ್ಕ್ ಅನ್ನೋ ಎಮ್ಯುಲೇಟರ್, ಅಂದರೆ ಹಳೇ ಗೇಮ್ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್, ಹಾಕಿ ಮಾರಿಯೋ ಓಡಿಸಿದೆ. ಚಿತ್ರ ನೋಡಿ ಖುಷಿಯಾಯಿತು, ಆಡಿದರೆ ಬೇಜಾರಾಯಿತು. ಮೊದಲ ಹಳ್ಳಕ್ಕೇ ಬಿದ್ದೆ. ಎರಡನೇ ಸಲವೂ ಬಿದ್ದೆ. "ಮಾಮಂಗೆ ಬರಲ್ಲ" ಅಂತ ಹುಡುಗ ಕಸಿದುಕೊಂಡ, ಅವನೂ ಬಿದ್ದ. ಗುಂಡಿ ಒತ್ತಿದ ಮೇಲೆ ಮಾರಿಯೋ ಒಂದು ಕ್ಷಣ ಯೋಚನೆ ಮಾಡಿ ಹಾರುತ್ತಿದ್ದ.

ಇದು ಕೈ ತಪ್ಪೋ ಡಬ್ಬಿ ತಪ್ಪೋ ನೋಡಲೇಬೇಕಿತ್ತು. ಲ್ಯಾಪ್‌ಟಾಪ್ ಮತ್ತು ಟಿವಿ ಎರಡರಲ್ಲೂ ಒಂದೇ ಚಿತ್ರ ಬರುವ ಹಾಗೆ ಡೂಪ್ಲಿಕೇಟ್ ಮಾಡಿ, ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಓಡಿಸಿ, ಎರಡೂ ಪರದೆ ಒಟ್ಟಿಗೆ ಬರುವ ಹಾಗೆ ಮೊಬೈಲ್‌ನಲ್ಲಿ ಹತ್ತು ಫೋಟೋ ತೆಗೆದೆವು. ಟಿವಿಯ ಅಂಕಿ ಪ್ರತಿ ಸಲವೂ ಹಿಂದೆ, ಹೆಚ್ಚುಕಡಿಮೆ 30ರಿಂದ 50 ಮಿಲಿಸೆಕೆಂಡ್. ಸೆಕೆಂಡಿಗೆ 60 ಚಿತ್ರದ ಆಟದಲ್ಲಿ ಒಂದು ಚಿತ್ರಕ್ಕೆ ಸಿಗೋದೇ 16.7 ಮಿಲಿಸೆಕೆಂಡ್, ಅಂದರೆ ಎರಡು-ಮೂರು ಚಿತ್ರದಷ್ಟು ತಡ. ಲ್ಯಾಪ್‌ಟಾಪ್ ಪರದೆಯ ಸ್ವಂತ ತಡ ಬೇರೆ ಇರುತ್ತದೆ, ಹಾಗಾಗಿ ನಿಜವಾದ ಲೆಕ್ಕ ಇನ್ನೂ ಸ್ವಲ್ಪ ಜಾಸ್ತಿಯೇ. ತಮಾಷೆ ಏನು ಅಂದರೆ ಡಬ್ಬಾ ಟಿವಿ ಯಾವುದನ್ನೂ ಕೂಡಿಡೋದಿಲ್ಲ, ತಂತಿಯಲ್ಲಿ ಬಂದದ್ದನ್ನು ಬಂದ ಗಳಿಗೆಯಲ್ಲೇ ಗಾಜಿನ ಮೇಲೆ ಗೀಚುತ್ತದೆ, ಆಟಕ್ಕೆ ಅದಕ್ಕಿಂತ ಚುರುಕಾದ ಪರದೆ ಸಿಗೋದು ಕಷ್ಟ. ಆ ಚುರುಕನ್ನೆಲ್ಲ ಮಧ್ಯದಲ್ಲಿರುವ ಐನೂರು ರೂಪಾಯಿಯ ಡಬ್ಬಿ ತಿನ್ನುತ್ತಿತ್ತು.

ತಡ ಒಂದೇ ಅಲ್ಲ. ನಾವು ಡಬ್ಬಿಯನ್ನು ಪಾಲ್‌ಗೆ ಇಟ್ಟಿದ್ದೆವು, ಪಾಲ್ ಟಿವಿ ಸೆಕೆಂಡಿಗೆ 50 ಸಲ ಪರದೆ ಗುಡಿಸುತ್ತದೆ. ಆಟ 60ರದ್ದು. ಹತ್ತು ಚಿತ್ರ ಪ್ರತಿ ಸೆಕೆಂಡ್ ಕಸಕ್ಕೆ, ಹಿನ್ನೆಲೆ ಜಾರುವಾಗ ಎತ್ತಿನಗಾಡಿ ಕಲ್ಲು ಹತ್ತಿದ ಹಾಗೆ ಕುಲುಕು. ಟಿವಿ ಮೆನುವಿನಲ್ಲಿ ಕಲರ್ ಸಿಸ್ಟಮನ್ನು ಆಟೊ ಮಾಡಿ, ಡಬ್ಬಿಯನ್ನು ಎನ್‌ಟಿಎಸ್‌ಸಿಗೆ ತಿರುಗಿಸಿದೆ. ಈ ಸಲ ಬಣ್ಣವೂ ಬಂತು, ಕುಲುಕೂ ಹೋಯಿತು. ಎಲ್ಲ ಹಳೇ ಟಿವಿಯೂ ಒಪ್ಪುತ್ತದೆ ಅಂತ ಇಲ್ಲ, ಆದರೆ ಮೆನುವಿನಲ್ಲಿ ಆಟೊ ಅಥವಾ ಎನ್‌ಟಿಎಸ್‌ಸಿ ಅನ್ನೋ ಪದ ಇದ್ದರೆ ಮೊದಲು ಇದನ್ನೇ ಮಾಡಿ. ಮಾರಿಯೋ ಈಗ ನನ್ನ ನೆನಪಿಗಿಂತ ಜೋರಾಗಿ ಓಡುತ್ತಿದ್ದ, ಹಾಡು ಕೂಡ ಬಿರುಸು. ಆಮೇಲೆ ಹೊಳೆಯಿತು: 60ರ ಲೆಕ್ಕದಲ್ಲಿ ಬರೆದ ಆಟವನ್ನು ಪಾಲ್ ಟಿವಿಗೆ ಅಂತ ಮಾಡಿದ 50ರ ನಕಲು ಯಂತ್ರದಲ್ಲಿ ಓಡಿಸಿದರೆ ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ. ನನ್ನ ನೆನಪಿನ ಹಾಡೇ ನಿಧಾನದ್ದು.

ಇನ್ನೊಂದು ಕಿರಿಕಿರಿ ಉಳಿಯಿತು, ನಡುಕ. ಡಬ್ಬಿ ಕೊಡೋದು ಯಾವಾಗಲೂ ಇಂಟರ್ಲೇಸ್ ಚಿತ್ರ, ಒಂದು ಸಲ ಬೆಸ ಗೆರೆ, ಮುಂದಿನ ಸಲ ಸರಿ ಗೆರೆ. ಸೆಕೆಂಡಿಗೆ 60 ಸಲ ಗೀಚಿದರೂ ಒಂದೊಂದು ಗೆರೆಯ ಸರದಿ ಬರೋದು 30 ಸಲ ಮಾತ್ರ. ಅಡ್ಡಡ್ಡ ತೆಳು ಗೆರೆ ಎಲ್ಲಿ ಇದ್ದರೂ ಗಡಗಡ ನಡುಗುತ್ತದೆ. ಫ್ಯಾಮಿಕಾಮ್ ಕಾಲದ ಯಂತ್ರಗಳು ಹೀಗೆ ಮಾಡುತ್ತಿರಲಿಲ್ಲ, ಅವು ಬೆಸ-ಸರಿ ಅನ್ನೋ ಆಟವನ್ನೇ ಬಿಟ್ಟು ಪ್ರತಿ ಸಲವೂ ಅವೇ 240 ಗೆರೆಗಳ ಮೇಲೆ ಗೀಚಿಸುತ್ತಿದ್ದವು. ಗೆರೆ ಗೆರೆಯ ನಡುವೆ ಕಪ್ಪು ಸಂದು ಉಳಿಯುತ್ತಿತ್ತು, ಚಿತ್ರ ಬಂಡೆ ಹಾಗೆ ನಿಲ್ಲುತ್ತಿತ್ತು. ಇದನ್ನೇ 240ಪಿ ಅನ್ನೋದು. ನಮ್ಮ ಡಬ್ಬಿಗೆ ಆ ವಿದ್ಯೆ ಗೊತ್ತಿಲ್ಲ.

ಪಕ್ಕದ ಬೀದಿಯ ಟಿವಿ ರಿಪೇರಿಯವರು ಒಂದು ದಾರಿ ಹೇಳಿದರು. "ಹಿಂದಿನ ಕವರ್ ಬಿಚ್ಚಿ ಸಾರ್, ಬೋರ್ಡ್‌ನಲ್ಲಿ ಆರ್‌ಜಿಬಿ, ಕೆಂಪು-ಹಸಿರು-ನೀಲಿ ಬೇರೆ ಬೇರೆಯಾಗಿ ಸಿಗುತ್ತೆ, ಅಲ್ಲೇ ಮೂರು ವೈರ್ ಬೆಸುಗೆ ಹಾಕಿಕೊಡ್ತೀನಿ." ತಿಳಿದವರು ಮಾಡುವ ಕೆಲಸವೇ ಅದು. ಆದರೆ ಪಿಕ್ಚರ್ ಟ್ಯೂಬ್ ಒಳಗೆ 20,000 ವೋಲ್ಟಿಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಮನೆಯಲ್ಲಿ ಎಲ್ಲದಕ್ಕೂ ಕೈ ಹಾಕುವ ಹುಡುಗ ಬೇರೆ. ಬೇಡ ಅಂದೆ. ಇನ್ನೊಂದು ದಾರಿ, ಅನಲಾಗ್ ಹೊರದಾರಿ ಇರುವ ಹಳೇ ರೇಡಿಯಾನ್ ಗ್ರಾಫಿಕ್ಸ್ ಕಾರ್ಡಿಗೆ ಸಿಆರ್‌ಟಿ ಎಮುಡ್ರೈವರ್ ಅನ್ನೋ ತಿದ್ದಿದ ಡ್ರೈವರ್ ಹಾಕಿ ಕಂಪ್ಯೂಟರಿನಿಂದಲೇ ಟಿವಿಯ ಗೆರೆ ವೇಗದ (15 ಕಿಲೋಹರ್ಟ್ಜ್) ಚಿತ್ರ ಹೊರಡಿಸೋದು. ಚೆನ್ನಾಗಿದೆ, ಆದರೆ ಅದನ್ನು ತೆಗೆದುಕೊಳ್ಳೋಕೆ ಟಿವಿಯಲ್ಲಿ ಕನಿಷ್ಠ ಹಸಿರು-ನೀಲಿ-ಕೆಂಪು ಕಾಂಪೊನೆಂಟ್ ಪಿನ್ನುಗಳಾದರೂ ಇರಬೇಕು, ಮಧ್ಯೆ ಬಣ್ಣ ಬದಲಿಸುವ ಇನ್ನೊಂದು ಪೆಟ್ಟಿಗೆ ಬೇಕು. ನಮ್ಮದರಲ್ಲಿ ಇರೋದು ಹಳದಿ ಒಂದೇ. ನಿಮ್ಮ ಮನೆಯಲ್ಲಿ ಕಾಂಪೊನೆಂಟ್ ಇರುವ 29 ಇಂಚಿನದ್ದು ಬಿದ್ದಿದ್ದರೆ ನನ್ನ ಹಾಗೆ ಸುತ್ತಬೇಡಿ, ನೇರ ಈ ದಾರಿಗೇ ಹೋಗಿ.

ನನಗೆ ದಾರಿ ಸಿಕ್ಕಿದ್ದು ಮೇಜಿನ ಡ್ರಾಯರ್‌ನಲ್ಲಿ. ಯಾವತ್ತೋ ಕೊಂಡು ಮೂಲೆಗೆ ಹಾಕಿದ್ದ ರಾಸ್ಪ್‌ಬೆರಿ ಪೈ 3. ಅಂಗೈ ಅಗಲದ ಕಂಪ್ಯೂಟರ್. ಅದರ ಇಯರ್‌ಫೋನ್ ತೂತಿನಂತೆ ಕಾಣುವ ತೂತಿನಲ್ಲಿ ಶಬ್ದದ ಜೊತೆ ಟಿವಿ ಚಿತ್ರವೂ ಬರುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೂರು ಕಪ್ಪು ಉಂಗುರ ಇರುವ ಪಿನ್ನಿನ ಎವಿ ವೈರ್ ಬೇಕು. ಪೇಟೆಯಲ್ಲಿ ಸಿಕ್ಕಿದ್ದು ಹಳೇ ಹ್ಯಾಂಡಿಕ್ಯಾಮ್‌ಗೆ ಬರುತ್ತಿದ್ದಂಥದ್ದು. ಚುಚ್ಚಿದರೆ ಚಿತ್ರ ಇಲ್ಲ, ಸ್ಪೀಕರ್‌ನಲ್ಲಿ ಭರ್‌ರ್ ಅಂತ ಶಬ್ದ. ಮತ್ತೆ ತಪ್ಪು ವೈರಾ ಅಂತ ತಲೆ ಮೇಲೆ ಕೈ ಹೊತ್ತೆ. ಭಾವ ಸುಮ್ಮನಿರಲಾರದೆ ಪಿನ್ನುಗಳನ್ನು ಅದಲು ಬದಲು ಮಾಡುತ್ತಾ ಕೆಂಪನ್ನು ಹಳದಿ ತೂತಿಗೆ ಚುಚ್ಚಿದರು, ಚಿತ್ರ ಬಂತು! ಪೈನಲ್ಲಿ ತುದಿಯಿಂದ ಎಡ, ಬಲ, ಗ್ರೌಂಡ್, ಕೊನೆಗೆ ಚಿತ್ರ. ಹ್ಯಾಂಡಿಕ್ಯಾಮ್ ವೈರುಗಳ ಸಾಲು ಬೇರೆ. ಗ್ರೌಂಡ್ ಮಾತ್ರ ಮೂರನೇ ಜಾಗದಲ್ಲೇ ಇದ್ದರೆ ಸಾಕು, ಉಳಿದದ್ದನ್ನು ಹೀಗೆ ಬಣ್ಣ ಬದಲಿಸಿ ಚುಚ್ಚಿ ಸರಿ ಮಾಡಿಕೊಳ್ಳಬಹುದು. ಗ್ರೌಂಡೇ ಬೇರೆ ಕಡೆ ಇದ್ದರೆ ಆ ವೈರ್ ಕೆಲಸಕ್ಕೆ ಬರೋಲ್ಲ.

ಮೆಮೊರಿ ಕಾರ್ಡಿಗೆ ರೆಟ್ರೊಪೈ ಅನ್ನೋ ಹಳೇ ಆಟಗಳ ಸಾಫ್ಟ್‌ವೇರ್ ಹಾಕಿ, ಅದರ ಕಾನ್ಫಿಗ್ ಫೈಲ್‌ನಲ್ಲಿ ಎಸ್‌ಡಿಟಿವಿ ಮೋಡ್ ಅನ್ನೋ ಸಾಲಿಗೆ 16 ಅಂತ ಕೊಟ್ಟೆ. 0 ಅಂದರೆ ಸಾಮಾನ್ಯ ಎನ್‌ಟಿಎಸ್‌ಸಿ, 2 ಅಂದರೆ ಪಾಲ್, ಅದಕ್ಕೆ 16 ಕೂಡಿಸಿದರೆ ಇಂಟರ್ಲೇಸ್ ಬಿಟ್ಟ ಚಿತ್ರ. ಎಚ್‌ಡಿಎಂಐ ವೈರ್ ಕಿತ್ತಿಡಬೇಕು, ಅದು ಚುಚ್ಚಿದ್ದರೆ ಪೈ 3 ಹಳದಿ ಕಡೆ ತಿರುಗಿಯೂ ನೋಡೋದಿಲ್ಲ. ಪೈ 4 ಆದರೆ ಟಿವಿ ಔಟ್ ಮೊದಲಿಂದ ಆಫ್ ಆಗಿರುತ್ತದೆ, ಅದಕ್ಕೆ ಬೇರೆ ಸಾಲು ಸೇರಿಸಿ ಆನ್ ಮಾಡಬೇಕು.

ಆನ್ ಮಾಡಿದೆ. ನಡುಕ ಇಲ್ಲ. ಗೆರೆ ನಡುವೆ ಆ ಕಪ್ಪು ಸಂದು. ಗುಂಡಿ ಒತ್ತಿದ ಕೂಡಲೇ ಮಾರಿಯೋ ಹಾರಿದ. ನಾನು ಮೊದಲ ಕೋಟೆಯವರೆಗೆ ಒಂದೇ ಜೀವದಲ್ಲಿ ಹೋದೆ, ಹುಡುಗ ಬಾಯಿ ಬಿಟ್ಟು ನೋಡಿದ, ಒಂದು ಗಳಿಗೆ ನಾನೇ ರಾಜ. ಹಳದಿ ಪಿನ್ನಿನ ಕಾಮನಬಿಲ್ಲು ಹಾಗೇ ಇದೆ, ಅದು ಹೋಗೋಲ್ಲ, ಆದರೆ ಈ ಆಟಗಳಲ್ಲಿ ಅದು ಬೇಜಾರು ಅನ್ನಿಸುವುದಿಲ್ಲ.

ಆ ಹಳೇ ಟಿವಿ ಗೇಮ್‌ನ ಬಾತುಕೋಳಿ ಹೊಡೆಯುವ ಆಟದ ಬಂದೂಕೂ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರ ಪಿನ್ ಪೈಗೆ ಹೊಂದೋಲ್ಲ, ಹಾಗಾಗಿ ಹುಡುಗ ಅದನ್ನು ಹಿಡಿದು ತೋಟದಲ್ಲಿ ಅಳಿಲುಗಳಿಗೆ ಬರೀ ಬಾಯಲ್ಲಿ ಡಿಶುಂ ಅನ್ನುತ್ತಾ ಓಡಾಡಿದ.

ಈಗ ಲೆಕ್ಕ ಹೀಗಿದೆ. ಮೈನ್‌ಕ್ರಾಫ್ಟ್‌ಗೆ ಲ್ಯಾಪ್‌ಟಾಪ್ ಮತ್ತು ಡಬ್ಬಿ, ಟಿವಿ ಮುಂಭಾಗದ ಎವಿ ತೂತಿಗೆ. ಹಳೇ ಆಟಗಳಿಗೆ ಪೈ, ಹಿಂಭಾಗದ ತೂತಿಗೆ. ರಿಮೋಟ್‌ನಲ್ಲಿ ಎವಿ 1, ಎವಿ 2 ಬದಲಿಸಿದರೆ ಆಯಿತು. ಅಕ್ಕನ ಮಗ ಈಗ ಪ್ರತಿ ರಜೆಗೂ ಬರುತ್ತಾನೆ. ಪೈನ ಸ್ಕ್ರೀನ್‌ಸೇವರ್ ಪರದೆಯನ್ನು ಪೂರ್ತಿ ಕಪ್ಪು ಮಾಡುತ್ತದೆ, ಟಿವಿ ಆಫ್ ಆಗಿದೆಯೋ ಆನ್ ಇದೆಯೋ ನಮಗ್ಯಾರಿಗೂ ಗೊತ್ತಾಗೋದಿಲ್ಲ. ರಾತ್ರಿ ಮಲಗುವ ಮುಂಚೆ ಅಮ್ಮ ಬಾಗಿಲ ಬಳಿ ನಿಂತು, "ಲೋ, ಶಿಳ್ಳೆ ಕೇಳ್ತಿದೆಯೇನೋ?" ಅಂತ ಅವನನ್ನೇ ಕೇಳುತ್ತಾರೆ. ಹೂಂ ಅಂದರೆ ಹೋಗಿ ಪ್ಲಗ್ ಕಿತ್ತು ಬರುತ್ತಾರೆ.